ಆ ಒಂದು ಸಹಿ ಎಲ್ಲಿ ಹೋಯಿತು?

ಪ್ರಿಯರೆ,

ಬ್ರಿಟನ್ನಿನ ನಾಟಕಕಾರ, ಚಿತ್ರಕಥೆಗಾರ ರಾಬರ್ಟ್ ಬೋಲ್ಟ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಇಸವಿಗಳೂ ಸರಿಯಾಗಿವೆ. ಆದರೂ ಎರಡು ದಿನದಿಂದ ನಿಮ್ಮ ಮೇಲಿನ ಸಿಟ್ಟು ಇಳಿದಿಲ್ಲ. ಕಾರಣ ಆರನೇ ಪ್ಯಾರಾದ ಈ ಸಾಲು: "1961ರಲ್ಲಿ ಅಣುಬಾಂಬ್ ವಿರೋಧಿ ಹೋರಾಟದಲ್ಲಿ ಜೈಲು ಸೇರಿದ ಬೋಲ್ಟ್, ಬಿಡುಗಡೆಯಾಗಿ ಬಂದು ‘ಲಾರೆನ್ಸ್ ಆಫ್ ಅರೇಬಿಯಾ’ ಚಿತ್ರಕಥೆ ಮುಗಿಸಿದರು."

ಬಿಡುಗಡೆಯಾಗಿ! ಸುಮ್ನೆ ಬಿಟ್ಟುಬಿಟ್ಟರಾ? ಇನ್ನು ಇಂಥದಕ್ಕೆ ಹೋಗಲ್ಲ ಅಂತ ಮುಚ್ಚಳಿಕೆ ಬರೆದುಕೊಡಲು ಅವರು ಒಪ್ಪಿರಲಿಲ್ಲ. ಅದಕ್ಕೇ ಒಂದು ತಿಂಗಳ ಸಜೆ. ಅತ್ತ ಚಿತ್ರಕಥೆ ಅರ್ಧಕ್ಕೆ ನಿಂತಿತ್ತು. ನಿರ್ಮಾಪಕ ಸ್ಯಾಮ್ ಸ್ಪೀಗೆಲ್ ಜೈಲಿಗೇ ಹೋಗಿ ಒತ್ತಾಯ ಮಾಡಿದರು. ಬೋಲ್ಟ್ ಸಹಿ ಹಾಕಿ ಹೊರಗೆ ಬಂದರು. ಆಮೇಲೆ ಅದಕ್ಕಾಗಿ ತುಂಬಾ ಕೊರಗಿದರು.

ಈಗ ನಿಮ್ಮದೇ ಮೂರನೇ ಪ್ಯಾರಾ ನೋಡಿ. 1960ರ ‘ಎ ಮ್ಯಾನ್ ಫಾರ್ ಆಲ್ ಸೀಸನ್ಸ್’ ನಾಟಕ "ಮೌಲ್ಯಗಳನ್ನು ಎತ್ತಿಹಿಡಿಯುತ್ತದೆ" ಅಂದಿದ್ದೀರಿ. ಯಾವ ಮೌಲ್ಯ ಸ್ವಾಮಿ? ದೊರೆ ಎಂಟನೇ ಹೆನ್ರಿ ಕೇಳಿದ ಪ್ರಮಾಣ ಮಾಡಲು ಒಪ್ಪದೆ ತಲೆ ಕೊಟ್ಟ ಥಾಮಸ್ ಮೋರ್‌ನ ಕಥೆ ಅದು. ಪ್ರಮಾಣ ಮಾಡುವವನು ತನ್ನನ್ನೇ ಬೊಗಸೆ ನೀರಿನ ಹಾಗೆ ಹಿಡಿದಿರುತ್ತಾನೆ, ಬೆರಳು ಸಡಿಲಿಸಿದರೆ ಹೋಯಿತು ಅಂತ ಮೋರ್ ಬಾಯಲ್ಲಿ ಹೇಳಿಸಿದವರು ಬೋಲ್ಟ್. ಮರು ವರ್ಷವೇ ತಾವು ಬೆರಳು ಸಡಿಲಿಸಿದರು. ಅದೇ ನಾಟಕವನ್ನು 1966ರ ಸಿನಿಮಾಕ್ಕೆ ಬರೆಯುವಾಗ ಆ ಮಾತು ಮತ್ತೆ ಎದುರಾಗಿರುತ್ತೆ, ಅಲ್ವಾ? ಆ ಸಿನಿಮಾಕ್ಕೆ ಸಿಕ್ಕ ಆಸ್ಕರ್ ಮಾತ್ರ ನಿಮ್ಮ ಕಣ್ಣಿಗೆ ಬಿತ್ತು.

ನಾನೂ ಹೀಗೇ ಬರೆಯುತ್ತಿದ್ದೆ. ವಾರಪತ್ರಿಕೆಯಲ್ಲಿ ಪ್ರೂಫ್ ನೋಡುತ್ತಿದ್ದ ಕಾಲ. ಕಂಪನಿ ನಾಟಕದ ನಟರೊಬ್ಬರು ತೀರಿಕೊಂಡಾಗ "ರಂಗಭೂಮಿಯ ಧ್ರುವತಾರೆ" ಅಂತ ಶುರು ಮಾಡಿ ಎರಡು ಪುಟ ಕೊಟ್ಟೆ. "ಅವರ ಮನೆಗೆ ಹೋಗಿದ್ದೆಯೇನಯ್ಯಾ?" ಅಂದರು ಸಂಪಾದಕರು. ಬಸ್ಸು ಹತ್ತಿದೆ. ಆ ಮನೆಯಲ್ಲಿ ಅವರ ಹೆಂಡತಿ ಒಂದು ದಿಂಬು ತೋರಿಸಿದರು. ಕೊಬ್ಬರಿ ಎಣ್ಣೆ ಹಚ್ಚಿ ಎಷ್ಟು ಒರೆಸಿಕೊಂಡರೂ ಕಿವಿ ಹಿಂದೆ ಬಣ್ಣ ಉಳೀತಿತ್ತಂತೆ. ದಿಂಬಿನ ಒಂದು ಮಗ್ಗುಲು ಕೆಂಪಾಗಿತ್ತು. ವಾಪಸ್ ಬಂದು ಎರಡೂ ಪುಟ ಹರಿದುಹಾಕಿದೆ.

ನಿಮ್ಮ ಲೇಖನದ ಉಳಿದ ಭಾಗದ ಬಗ್ಗೆ ಆಮೇಲೆ ಮಾತಾಡೋಣ. ಸ್ಪೀಗೆಲ್ ಜೈಲಿಗೆ ಬಂದ ದಿನದಿಂದ ಶುರು ಮಾಡಿ ಕಳಿಸಿ. ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ಇಟ್ಟಿರುತ್ತೇನೆ.