ಹ್ಯಾಂಬರ್ಗ್‌ನಲ್ಲಿ ಕೊನೇ ಸ್ಟಾಪ್‌ವರೆಗೆ

"ಹ್ಯಾಂಬರ್ಗ್‌ಗೆ ಬಂದು ಎರಡು ತಿಂಗಳಾಯ್ತು ಅಕ್ಕಾ. ಆಟಿಕೆ ರೈಲಿನ ಮ್ಯೂಸಿಯಂ ನೋಡಿದೆ, ಎಲ್ಬ್‌ಫಿಲ್‌ಹಾರ್ಮನಿ ಸಂಗೀತ ಭವನ ಹತ್ತಿದೆ, ರೀಪರ್‌ಬಾನ್ ಬೀದಿ ಸುತ್ತಿದೆ. ಭಾನುವಾರ ಅಂಗಡಿಗಳೆಲ್ಲ ಬಂದ್, ಹೊರಗೆ ಮಳೆ. ಈ ಊರಲ್ಲಿ ಇನ್ನೇನಿದೆ? ಮನೆ ಯಾವ ಏರಿಯಾದಲ್ಲಿ ಹುಡುಕಲಿ?" ಅಂತ ಕೇಳಿದ್ದೀರಿ.

ಮನೆಯ ವಿಷಯಕ್ಕೆ ಆಮೇಲೆ ಬರುತ್ತೇನೆ. ನಾನು ಬಂದು ಹನ್ನೊಂದು ವರ್ಷವಾಯ್ತು. ಮೊದಲ ಚಳಿಗಾಲ ನನ್ನದೂ ಇದೇ ಪಾಡು. ಆಫೀಸು, ಮನೆ, ಕಿಟಕಿ, ಮಳೆ. ಆಮೇಲೆ ಒಂದು ಚಟ ಹಿಡಿಯಿತು. ಟಿಕೆಟ್ ಹೇಗೂ ಇದೆ, ಯಾವುದಾದರೂ ಬಸ್ಸೋ ರೈಲೋ ಹತ್ತಿ ಕೊನೇ ಸ್ಟಾಪ್‌ನಲ್ಲಿ ಇಳಿಯುವುದು, ಅಲ್ಲಿಂದ ಸಾಕೆನಿಸುವವರೆಗೆ ವಾಪಸ್ ನಡೆಯುವುದು. ನನಗೆ ಈ ಊರು ಗೊತ್ತಾದದ್ದು ಹಾಗೆ.

ನಿಮ್ಮ ಹತ್ತಿರ ಡಾಯ್ಚ್‌ಲಾಂಡ್ ಟಿಕೆಟ್, ಅಂದರೆ ಇಡೀ ಜರ್ಮನಿಯ ಲೋಕಲ್ ಬಸ್ಸು-ರೈಲಿಗೆಲ್ಲ ನಡೆಯುವ ತಿಂಗಳ ಪಾಸ್, ಇದೆಯಲ್ವಾ? ಅದರಲ್ಲಿ ದೋಣಿಯನ್ನೂ ಹತ್ತಬಹುದು ಅಂತ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಬಂದರಿನ ದೋಣಿಕಟ್ಟೆ ಲಾಂಡುಂಗ್ಸ್‌ಬ್ರ್ಯೂಕನ್‌ನಲ್ಲಿ ಇಳಿದ ಕೂಡಲೇ "ಬಂದರು ತೋರಿಸ್ತೀವಿ ಬನ್ನಿ" ಅಂತ ಕೂಗಿ ಕರೆಯುವವರು ಸಿಗುತ್ತಾರೆ. ಅವರಿಗೊಂದು ನಗು ಕೊಟ್ಟು ಮುಂದೆ ಹೋಗಿ, 62ನೇ ನಂಬರಿನ ಫೆರಿ ಹತ್ತಿ. ಫಿಂಕನ್‌ವೆರ್ಡರ್‌ವರೆಗೆ ಸುಮಾರು ಅರ್ಧ ಗಂಟೆ. ಮೇಲಿನ ಡೆಕ್‌ನಲ್ಲಿ ಗಾಳಿ ಕಿವಿ ಕಿತ್ತುಹಾಕುತ್ತದೆ, ಆದರೂ ಅಲ್ಲೇ ನಿಲ್ಲಿ.

ಹತ್ತುವ ಮುಂಚೆ ಒಂದು ಗಮನಿಸಿ. ದಡದಿಂದ ದೋಣಿಕಟ್ಟೆಗೆ ಇಳಿಯುವ ಸಣ್ಣ ಸೇತುವೆ ಒಮ್ಮೆ ಹೆಚ್ಚುಕಡಿಮೆ ಸಮತಟ್ಟಾಗಿರುತ್ತದೆ, ಆರು ಗಂಟೆ ಬಿಟ್ಟು ಹೋದರೆ ಅದೇ ಸೇತುವೆ ಕಡಿದಾದ ಇಳಿಜಾರು. ಮಗುವಿನ ಗಾಡಿ ತಳ್ಳಿಕೊಂಡು ಬಂದವರನ್ನು ಕೇಳಿ, ಹೇಳುತ್ತಾರೆ. ಕಟ್ಟೆ ನೀರಿನ ಮೇಲೆ ತೇಲುತ್ತಿರುತ್ತದೆ, ನೀರಿನ ಜೊತೆ ಏರಿಳಿಯುತ್ತದೆ. ಸಮುದ್ರ ಇಲ್ಲಿಂದ ಸುಮಾರು 100 ಕಿಲೋಮೀಟರ್ ದೂರ. ಆದರೂ ಉತ್ತರ ಸಮುದ್ರದ ಉಬ್ಬರ ಎಲ್ಬೆ ನದಿಯ ಮೂಲಕ ದಿನಕ್ಕೆರಡು ಸಲ ಇಲ್ಲಿಗೆ ಬಂದು, ನೀರನ್ನು ಮೂರೂವರೆ ಮೀಟರ್‌ಗಿಂತ ಜಾಸ್ತಿ ಎತ್ತಿ ಇಳಿಸಿ ಹೋಗುತ್ತದೆ. ಒಂದೇ ಜಾಗಕ್ಕೆ ಎರಡು ಸಲ ಹೋಗಿ ಅಂತ ನಾನು ಹೇಳುವುದು ಇದಕ್ಕೇ. ನೀರಿಳಿದಾಗ ಕೆಸರು, ಕಲ್ಲು, ಹಕ್ಕಿ. ನೀರೇರಿದಾಗ ಅದ್ಯಾವುದೂ ಕಾಣುವುದಿಲ್ಲ.

ಫೆರಿಯಲ್ಲಿ ನಡುವೆ ನಾಯ್‌ಮ್ಯೂಲನ್ ಅಂತ ಸ್ಟಾಪ್ ಬರುತ್ತದೆ. ಇಳಿದರೆ ಓವಲ್‌ಗೋನ್ನೆಯ ಮರಳ ದಂಡೆ. ಅಲ್ಲಿ 217 ಟನ್ ತೂಕದ ಒಂದು ಬಂಡೆ ಇದೆ, ಹೆಸರು "ಮುದಿ ಸ್ವೀಡಿಷಪ್ಪ" ಅನ್ನೋ ಅರ್ಥದ್ದು. ಹಿಮಯುಗದಲ್ಲಿ ಸ್ವೀಡನ್‌ನಿಂದ ಹಿಮದ ಜೊತೆ ಬಂದು ನದಿಯಲ್ಲಿ ಹೂತುಹೋಗಿತ್ತು. 1999ರಲ್ಲಿ ಹಡಗುಗಳಿಗಾಗಿ ಎಲ್ಬೆಯನ್ನು ಆಳ ಮಾಡುವಾಗ ಸಿಕ್ಕಿತು. ಎದುರು ದಡದಲ್ಲಿ ಹಗಲು ರಾತ್ರಿ ಕಂಟೇನರ್ ಕ್ರೇನ್‌ಗಳ ಸದ್ದು. ಈಚೆ ದಡದಲ್ಲಿ ಜನ ನಾಯಿ ಓಡಾಡಿಸುತ್ತಾ, ಕಾಫಿ ಕುಡಿಯುತ್ತಾ ಇರುತ್ತಾರೆ.

ಇಲ್ಲಿ ನನಗಾದ ಫಜೀತಿ ಹೇಳಿಬಿಡುತ್ತೇನೆ. ದೊಡ್ಡ ಕಂಟೇನರ್ ಹಡಗೊಂದು ಹಾದುಹೋಯಿತು. ನಾನು ನೀರಿನಂಚಲ್ಲಿ ಬ್ಯಾಗ್ ಇಟ್ಟು ಫೋಟೋ ತೆಗೆಯುತ್ತಿದ್ದೆ. ದಡದ ನೀರು ಸದ್ದಿಲ್ಲದೆ ಹಿಂದೆ ಸರಿಯಿತು, ಯಾರೋ ಹೀರಿಕೊಂಡ ಹಾಗೆ. ಒದ್ದೆ ಮರಳು ಹೊಳೆಯುತ್ತಿತ್ತು. ಎಷ್ಟು ಚೆನ್ನಾಗಿದೆ ಅಂತ ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋದೆ. ಪಕ್ಕದಲ್ಲಿದ್ದ ಅಜ್ಜಿ ತನ್ನ ನಾಯಿಯನ್ನು ಎಳೆದುಕೊಂಡು ಮೇಲಕ್ಕೆ ಓಡಿದ್ದು ಯಾಕೆ ಅಂತ ಹೊಳೆಯುವಷ್ಟರಲ್ಲಿ ಅಲೆ ಬಂದು ಮೊಣಕಾಲವರೆಗೆ ನೆನೆಸಿತ್ತು. ಬ್ಯಾಗ್ ಸ್ವಲ್ಪ ದೂರದಲ್ಲಿ ತೇಲುತ್ತಿತ್ತು. ಲ್ಯಾಪ್‌ಟಾಪ್ ಇರಲಿಲ್ಲ, ಪುಣ್ಯ. ಹಡಗು ದಾಟಿದ ಮೇಲೆ ನೀರು ಹಿಂದೆ ಹೋದರೆ ನೀವೂ ಹಿಂದೆ ಹೋಗಿ.

ಅಲ್ಲಿಂದ ನದಿ ಪಕ್ಕದಲ್ಲೇ ಪಶ್ಚಿಮಕ್ಕೆ ಒಂದು ಗಂಟೆ ಚಿಲ್ಲರೆ ನಡೆದರೆ ಟಾಯ್‌ಫೆಲ್ಸ್‌ಬ್ರ್ಯೂಕ್. ಹಿಂದೆಯೇ ಯೇನಿಶ್ ಪಾರ್ಕ್. ಹಳೇ ಓಕ್ ಮರಗಳು, ನದಿ ಕಡೆಗೆ ಇಳಿಯುವ ಹುಲ್ಲು. ನನಗೆ ಈ ಊರಿನ ಪಾರ್ಕ್‌ಗಳಲ್ಲೆಲ್ಲ ಇದೇ ಹೆಚ್ಚು ಇಷ್ಟ. ಇನ್ನೂ ಮುಂದೆ ಬ್ಲಾಂಕನೀಸೆ. ಮೊದಲು ಮೀನುಗಾರರ, ಹಡಗಿಗೆ ದಾರಿ ತೋರಿಸುವ ಪೈಲಟ್‌ಗಳ ಊರು, ಈಗ ದುಡ್ಡಿದ್ದವರದ್ದು. ಇಡೀ ಗುಡ್ಡದ ತುಂಬ ಮೆಟ್ಟಿಲುಗಳು. ಅದರ ಸಣ್ಣ ಬಸ್ಸಿಗೆ ಜನ "ಬೆಟ್ಟದ ಮೇಕೆ" ಅಂತಾರೆ. ಮೇಕೆ ಹತ್ತಿ ಮೇಲೆ ಹೋಗಿ, ಮೆಟ್ಟಿಲು ಇಳಿದು ಬನ್ನಿ. ಉಲ್ಟಾ ಮಾಡಬೇಡಿ.

ಮಧ್ಯ ಊರಿನ ಪಾರ್ಕ್‌ಗಳನ್ನು ಬೇಸಿಗೆಗೆ ಇಟ್ಟುಕೊಳ್ಳಿ. ಪ್ಲಾಂಟನ್ ಉನ್ ಬ್ಲೋಮನ್‌ನಲ್ಲಿ ಬೇಸಿಗೆ ರಾತ್ರಿ ಕಾರಂಜಿಗೆ ಬಣ್ಣದ ಬೆಳಕು, ಸಂಗೀತ ಸೇರಿಸಿ ಬಿಟ್ಟಿ ತೋರಿಸುತ್ತಾರೆ. ಷ್ಟಾಟ್‌ಪಾರ್ಕ್ ದೊಡ್ಡದು, ಬಿಸಿಲು ಬಂದರೆ ಅಲ್ಲಿ ಹುಲ್ಲಿಗಿಂತ ಗ್ರಿಲ್ ಹೊಗೆಯೇ ಜಾಸ್ತಿ.

ಓಲ್ಸ್‌ಡೋರ್ಫ್ ಮಾತ್ರ ಬಿಡಬೇಡಿ. ಅದು ಸ್ಮಶಾನ. ಸ್ಮಶಾನಕ್ಕೆ ವಾಕಿಂಗ್ ಹೋಗೋದಾ ಅಂತ ಮುಖ ಸಿಂಡರಿಸಬೇಡಿ, ನಾನೂ ಒಂದು ವರ್ಷ ಸಿಂಡರಿಸಿದ್ದೆ. 1877ರಲ್ಲಿ ಶುರುವಾದದ್ದು, 389 ಹೆಕ್ಟೇರ್. ಒಳಗೇ ಸಿಟಿ ಬಸ್ ಓಡುತ್ತದೆ, ಸ್ಟಾಪ್‌ಗಳಿವೆ. ಮೇ ಕೊನೆ, ಜೂನ್ ಶುರುವಿನಲ್ಲಿ ರೋಡೊಡೆಂಡ್ರನ್ ಹೂಬಿಟ್ಟಾಗ ಕೆಲವು ದಾರಿಗಳಲ್ಲಿ ಎರಡೂ ಕಡೆ ತಲೆಗಿಂತ ಎತ್ತರಕ್ಕೆ ಹೂವಿನ ಗೋಡೆ. ಸುಮ್ನೆ ನಡೆಯಿರಿ. ಅಲ್ಲಿ ದುಃಖದಲ್ಲಿರುವವರೂ ಬರುತ್ತಾರೆ, ಹಾಗಾಗಿ ಫೋನ್‌ನಲ್ಲಿ ಜೋರು ಮಾತು, ತಿಂಡಿ ಪೊಟ್ಟಣ ಬೇಡ.

ಒಂದೊಂದು ಏರಿಯಾ ಒಂದೊಂದು ಥರ ಯಾಕೆ ಅನ್ನುವುದಕ್ಕೂ ಕಾರಣ ಇದೆ. ಆಲ್ಟೋನಾ, ವಾಂಟ್ಸ್‌ಬೆಕ್, ಹಾರ್ಬುರ್ಗ್ ಇವೆಲ್ಲ ಬೇರೆ ಬೇರೆ ಊರುಗಳೇ ಆಗಿದ್ದವು. ಹ್ಯಾಂಬರ್ಗ್‌ಗೆ ಸೇರಿದ್ದು 1937ರ ಕಾನೂನಿನಿಂದ. ಆಲ್ಟೋನಾ ಅಂತೂ 1864ರವರೆಗೆ ಡೆನ್ಮಾರ್ಕ್ ರಾಜನ ಕೈಯಲ್ಲಿತ್ತು. ಬಂದರಿನ ಪಕ್ಕದ ಡಿಟ್‌ಮಾರ್ ಕೋಲ್ ಬೀದಿಯಲ್ಲಿ ಪೋರ್ಚುಗೀಸರ ಹೋಟೆಲ್‌ಗಳ ನಡುವೆ ನಾರ್ಡಿಕ್ ದೇಶಗಳ ನಾವಿಕರಿಗೆಂದೇ ಕಟ್ಟಿದ ಚರ್ಚ್‌ಗಳಿವೆ. ಮುಖ್ಯ ರೈಲು ನಿಲ್ದಾಣದ ಹಿಂದಿನ ಷ್ಟೈನ್‌ಡಾಮ್‌ನಲ್ಲಿ ಟರ್ಕಿ, ಅಫ್ಘಾನಿಸ್ತಾನದವರ ಅಂಗಡಿಗಳು. ನಿಮ್ಮ ಮಸಾಲೆ ಚಿಂತೆ ಅಲ್ಲೇ ತೀರುತ್ತದೆ.

ವಿಲ್‌ಹೆಲ್ಮ್ಸ್‌ಬುರ್ಗ್ ಬಗ್ಗೆ ನಿಮಗೂ ಯಾರಾದರೂ "ಅಲ್ಲಿಗೆ ಹೋಗಬೇಡಿ" ಅಂದಿರಬಹುದು. ನನಗೂ ಹೇಳಿದ್ದರು. ಮುಖ್ಯ ನಿಲ್ದಾಣದಿಂದ ಎಸ್-ಬಾನ್ ಲೋಕಲ್ ರೈಲಿನಲ್ಲಿ ಹತ್ತು ನಿಮಿಷವೂ ಇಲ್ಲ. ಎಲ್ಬೆಯ ಎರಡು ಕವಲುಗಳ ನಡುವಿನ ದ್ವೀಪ ಅದು. 1962ರ ಫೆಬ್ರವರಿ 16ರ ರಾತ್ರಿ ಬಿರುಗಾಳಿಗೆ ನೀರೇರಿ ಒಡ್ಡುಗಳು ಒಡೆದವು. ಹ್ಯಾಂಬರ್ಗ್‌ನಲ್ಲಿ ಸತ್ತವರು 315 ಮಂದಿ, ಹೆಚ್ಚಿನವರು ಇದೇ ದ್ವೀಪದವರು. ಈಗಿನ ಎತ್ತರದ ಒಡ್ಡಿನ ಮೇಲೆ ಕುರಿಗಳು ಮೇಯುತ್ತಿರುತ್ತವೆ. 2013ರ ಉದ್ಯಾನ ಪ್ರದರ್ಶನಕ್ಕೆ ಮಾಡಿದ ದೊಡ್ಡ ಪಾರ್ಕ್ ಇದೆ. ದ್ವೀಪದ ತುದಿಯಲ್ಲಿ, ನದಿ ಎರಡಾಗುವ ಜಾಗದಲ್ಲಿ, 1914ರ ಪುಟ್ಟ ಮರದ ದೀಪಸ್ತಂಭ. ಎತ್ತರ ಏಳು ಮೀಟರ್ ಅಷ್ಟೇ. ನಾನು ಹೋದ ದಿನ ಅಲ್ಲಿ ಬೇರೆ ಯಾರೂ ಇರಲಿಲ್ಲ.

ಮಳೆಗೆ ಕಾಯಬೇಡಿ, ನಿಲ್ಲುವುದಿಲ್ಲ. ಇಂಥ ಹವೆಗೆ ಇಲ್ಲಿಯವರು "ಶೀಟ್‌ವೆಟರ್" ಅಂದು, ಜಾಕೆಟ್ ಹಾಕಿಕೊಂಡು ಹೊರಟೇಬಿಡುತ್ತಾರೆ. ಟೋಪಿ ಇರುವ ಜಾಕೆಟ್ ತಗೊಳ್ಳಿ. ಛತ್ರಿ ಬಂದರಿನ ಗಾಳಿಗೆ ಎರಡು ದಿನ ಬಾಳಿದರೆ ಹೆಚ್ಚು.

ಇನ್ನು ಮನೆ. ಏರಿಯಾದ ಹೆಸರು ನೋಡಿ ಹುಡುಕಬೇಡಿ. ಷಾಂಟ್ಸೆ, ಓಟನ್‌ಸನ್ ಬಿಟ್ಟು ಬೇರೆಲ್ಲೂ ಬೇಡ ಅಂತ ಕೂತ ನನ್ನ ಗೆಳತಿ ಹದಿನಾಲ್ಕು ತಿಂಗಳು ಹುಡುಕಿದಳು. ಮೊದಲು ಹೀಗೆ ನಾಲ್ಕೈದು ಕಡೆ ಸುತ್ತಿ. ಇಷ್ಟವಾದ ಕಡೆಗೆ ಇನ್ನೊಮ್ಮೆ ವಾರದ ಮಧ್ಯೆ, ಕತ್ತಲಾದ ಮೇಲೆ, ಮಳೆಯಲ್ಲೇ ಹೋಗಿ. ನಿಲ್ದಾಣದಿಂದ ಆ ಬೀದಿವರೆಗೆ ನಡೆದು ನೋಡಿ. ಬಿಸಿಲಿನ ಶನಿವಾರ ಇಲ್ಲಿ ಎಲ್ಲ ಏರಿಯಾನೂ ಚೆನ್ನಾಗೇ ಕಾಣುತ್ತದೆ.