ಶಿಬಿರದಿಂದ ಬಂದ ಮೇಲೆ ಮತ್ತೆ ಕುಡಿದರು, ಈಗೇನು ಮಾಡಲಿ?

ಪ್ರಶ್ನೆ: ಅಕ್ಕಾ, ನಮ್ಮ ಯಜಮಾನರಿಗೆ ಈಗ ಬೆಳಿಗ್ಗೆ ಎದ್ದ ಕೂಡಲೇ ಒಂದು ಪ್ಯಾಕೆಟ್ ಬೇಕು. ಇಲ್ಲದಿದ್ದರೆ ಕಾಫಿ ಲೋಟ ಹಿಡಿಯಲಾಗದಷ್ಟು ಕೈ ನಡುಗುತ್ತದೆ. ಹಿಂದೊಮ್ಮೆ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದು ಮೂರು ತಿಂಗಳು ಚೆನ್ನಾಗಿದ್ದರು. ಗೌರಿ ಹಬ್ಬದ ಹೊತ್ತಿಗೆ ಮತ್ತೆ ಶುರು. ಪಕ್ಕದೂರಲ್ಲಿ ಈಗ ಇನ್ನೊಂದು ಶಿಬಿರ ಇದೆಯಂತೆ. ನಮ್ಮತ್ತೆ 'ಅದೆಲ್ಲ ದಂಡ' ಅಂತ ಸಾರಿಗೆ ಗುಟ್ಟಾಗಿ ಬೆರೆಸುವ ಪುಡಿ ತರಿಸಿದ್ದಾರೆ. ಮುಂದಿನ ತಿಂಗಳು ಮೈದುನನ ಮದುವೆ ಬೇರೆ. ಏನು ಮಾಡಲಿ?
– ಹೆಸರು ಬೇಡ, ಮಂಡ್ಯ ಜಿಲ್ಲೆ

ಉತ್ತರ: ತಂಗೀ, ಮೊದಲು ಆ ಪುಡಿ ಮೋರಿಗೆ ಹಾಕಿ. ಅದರಲ್ಲಿ ಏನಿದೆಯೋ ಯಾರಿಗೆ ಗೊತ್ತು? ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಅಂತ ಮಾತ್ರೆ ಒಂದಿದೆ, ಅದನ್ನೇ ಪುಡಿ ಮಾಡಿದ್ದರೆ? ಅದು ಹೊಟ್ಟೆಯಲ್ಲಿದ್ದಾಗ ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಇಳಿದು ಜೀವಕ್ಕೇ ಕುತ್ತು ಬರಬಹುದು. ಡಾಕ್ಟರು ಅದನ್ನು ಕೊಡುವುದು ರೋಗಿಗೆ ತಿಳಿಸಿ, ಒಪ್ಪಿಸಿಯೇ.

ಹಾಗಂತ ದೇವರ ಮುಂದೆ ಆಣೆ ಹಾಕಿಸಿ ಇವತ್ತೇ ನಿಲ್ಲಿಸಲೂ ಬೇಡಿ. ಬೆಳಿಗ್ಗೆ ಕೈ ನಡುಗುವವರು ಒಮ್ಮೆಲೇ ಬಿಟ್ಟರೆ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡನೇ, ಮೂರನೇ ದಿನ ಬುದ್ಧಿ ಕಲಸಿಹೋಗಬಹುದು. ನಾನು ನರ್ಸಾಗಿದ್ದ ವಾರ್ಡಿನಲ್ಲಿ ಲಾರಿ ಡ್ರೈವರೊಬ್ಬರು ಮಂಚದ ಮೇಲೆ ಕೂತು ರಾತ್ರಿಯಿಡೀ ಗೇರ್ ಬದಲಿಸುತ್ತಿದ್ದರು. ಪಕ್ಕದ ಮಂಚದವನಿಗೆ 'ಸೈಡ್ ಕೊಡಪ್ಪಾ' ಅನ್ನುತ್ತಿದ್ದರು. ಬೆವರು ಅಂದರೆ ಬೆವರು. ಇದಕ್ಕೆ ಔಷಧಿ ಇದೆ, ವಿಟಮಿನ್ ಬಿ1 ಇಂಜೆಕ್ಷನ್ ಇದೆ, ಆದರೆ ಆಸ್ಪತ್ರೆಯಲ್ಲಿ. ಸರ್ಕಾರದ ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ಮನೋವೈದ್ಯರು ಸಿಗುತ್ತಾರೆ. ನಿಮ್ಮಲ್ಲಿ ಯಾವ ಮಂಗಳವಾರ ಅಂತ ವಿಚಾರಿಸಿಕೊಂಡು ಹೋಗಿ. ಅಷ್ಟರೊಳಗೆ ಏನಾದರೂ ಕೇಳಬೇಕಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಡಾಕ್ಟರು ಸರಿ ಅಂದ ಮೇಲೆ ಶಿಬಿರಕ್ಕೆ ಕಳಿಸಿ. ದಂಡ ಏನಲ್ಲ. ಮೂರು ತಿಂಗಳು ಬಿಟ್ಟಿದ್ದರಲ್ವಾ? ಧರ್ಮಸ್ಥಳ ಯೋಜನೆಯವರ ಶಿಬಿರ ಎಂಟು ದಿನದ್ದು. ನನ್ನ ಪ್ರಕಾರ ಆ ಎಂಟು ದಿನ ಸುಲಭ. ಹೊತ್ತಿಗೆ ಸರಿಯಾಗಿ ಊಟ, ಸುತ್ತಲೂ ತಮ್ಮಂಥವರೇ. ಕಷ್ಟ ಇರುವುದು ಒಂಬತ್ತನೇ ದಿನ ಸಂಜೆ ಆರು ಗಂಟೆಗೆ, ಹಳೇ ಗೆಳೆಯ ಬೈಕ್ ನಿಲ್ಲಿಸಿ ಹಾರ್ನ್ ಹೊಡೆದಾಗ. ಅದಕ್ಕೇ ಶಿಬಿರ ಮುಗಿಸಿದವರದ್ದೇ ನವಜೀವನ ಸಮಿತಿ ಅಂತ ಇರುತ್ತದೆ. ಹೋದ ಸಲ ಅವರು ಅದರ ಸಭೆಗಳಿಗೆ ಹೋಗುತ್ತಿದ್ದರಾ? ನೀವು ಬರೆದಿಲ್ಲ. ಈ ಸಲ ಶಿಬಿರಕ್ಕೆ ಹೆಸರು ಕೊಡುವಾಗಲೇ ಸಮಿತಿ ಎಲ್ಲಿ ಸೇರುತ್ತದೆ, ನಿಮ್ಮೂರಿಗೆ ಹತ್ತಿರದ ಸದಸ್ಯರು ಯಾರು ಅಂತ ಕೇಳಿ, ನಂಬರ್ ಇಟ್ಟುಕೊಳ್ಳಿ. ಮೈಸೂರು, ಬೆಂಗಳೂರಿನ ಕಡೆ ಓಡಾಟವಿದ್ದರೆ ಎ.ಎ. ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳೂ ಇವೆ. ಅಮೆರಿಕದಲ್ಲಿ 1935ರಲ್ಲಿ ಇಬ್ಬರು ಕುಡುಕರೇ ಶುರು ಮಾಡಿದ್ದು. ಫೀಸಿಲ್ಲ, ಬಿಡಬೇಕು ಅನ್ನಿಸಿದ್ದರೆ ಸಾಕು. ಇಂಥ ಸಭೆಗಳಲ್ಲಿ ಭಾಷಣಕ್ಕಿಂತ ಆಮೇಲಿನ ಟೀ ಹೊತ್ತಿನ ಮಾತೇ ಜಾಸ್ತಿ ಕೆಲಸ ಮಾಡುತ್ತದೆ ಅಂತ ನನ್ನ ಗುಮಾನಿ. ಮನೆಯವರಿಗೂ ಅಲ್-ಅನಾನ್ ಅಂತ ಬೇರೆ ಗುಂಪಿದೆ. ನೀವೂ ಹೋಗಬಹುದು, ಅವರು ಬಿಡಲಿ, ಬಿಡದಿರಲಿ.

ಮದುವೆ ಮುಗಿಯಲಿ ಅಂತ ಕಾಯಬೇಡಿ. ಮುಹೂರ್ತಕ್ಕೆ ಇರಲಿ, ಅಕ್ಷತೆ ಹಾಕಲಿ. ನಿಮ್ಮ ಕಡೆ ಬೀಗರೂಟದಲ್ಲಿ ಬಾಟಲಿ ಹೇಗೆ ಓಡಾಡುತ್ತದೆ ಅಂತ ನಾನು ಹೇಳಬೇಕಿಲ್ಲ. ಅಲ್ಲಿಗೆ ಅವರು ಹೋಗದಿದ್ದರೆ ಏನೂ ಮುಳುಗುವುದಿಲ್ಲ. ಆ ದಿನ ಸಮಿತಿಯವರೊಬ್ಬರು ಜೊತೆಗಿದ್ದರೆ ಇನ್ನೂ ಒಳ್ಳೆಯದು. 'ಅಣ್ಣನೇ ಇಲ್ವಲ್ಲ' ಅಂತ ಕೇಳುವ ನೆಂಟರಿಗೆ ಉತ್ತರ ಹೇಳುವ ಕೆಲಸವನ್ನು ನಿಮ್ಮತ್ತೆಗೇ ಒಪ್ಪಿಸಿ. ಪುಡಿ ತರಿಸುವಷ್ಟು ಮಗನ ಚಿಂತೆ ಇದೆ ಅವರಿಗೆ, ಇಷ್ಟು ಮಾಡುತ್ತಾರೆ.