ವೃದ್ಧಾಶ್ರಮದಲ್ಲಿ ಮೂತ್ರ ಸೋಂಕೆಂದು ಸುಮ್ಮನೆ ಆಂಟಿಬಯಾಟಿಕ್ ಕೊಡುವುದು ಕ್ಲಾಸ್ ಮಾಡಿಸಿದರೂ ನಿಂತಿಲ್ಲ, ಏನು ಮಾಡಲಿ?

ಕ್ಲಾಸ್ ಬಿಡಿ, ಒಬ್ಬೊಬ್ಬರ ಹತ್ತಿರವೇ ಹೋಗಿ. ಡಾಕ್ಟರ ಜೊತೆ 15 ನಿಮಿಷ ಕೂತು ಮಾತಾಡಿ, ಪ್ರತಿ ಪಾಳಿಯ ನರ್ಸ್‌ಗಳ ಜೊತೆ ಬೇರೆ ಬೇರೆಯಾಗಿ ಮಾತಾಡಿ. ರಾತ್ರಿ ಪಾಳಿಯವರು ತಪ್ಪಲೇಬಾರದು. ಡಾಕ್ಟರು ಫೋನಿನಲ್ಲೇ ಔಷಧಿ ಹೇಳುವುದಾದರೆ, ಅವರ ತೀರ್ಮಾನ ನಿಂತಿರುವುದು ನರ್ಸ್ ಏನು ವರದಿ ಮಾಡಿದರು ಎಂಬುದರ ಮೇಲೆ.

ಹೋಗುವಾಗ ನಿಮ್ಮ ಆಶ್ರಮದ್ದೇ ಲೆಕ್ಕ ಕೈಯಲ್ಲಿರಲಿ. ಹಿಂದಿನ 15 ಯೂರಿನ್ ಕಲ್ಚರ್‌ಗಳ (ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂದು ಬೆಳೆಸಿ ನೋಡುವ ಪರೀಕ್ಷೆ) ಕೇಸ್ ಶೀಟ್ ತೆಗೆದು, ಪ್ರತಿಯೊಂದನ್ನೂ ಯಾಕೆ ಕಳಿಸಿದ್ದು ಎಂದು ಬರೆದುಕೊಳ್ಳಿ. "ವಾಸನೆ", "ಮೂತ್ರ ಮಬ್ಬಾಗಿದೆ", "ಮಂಕಾಗಿದ್ದಾರೆ" ಇವೇ ಹೆಚ್ಚು ಸಿಗುತ್ತವೆ. ಇಲ್ಲಿ ಒಂದು ವಿಷಯ ಮನದಟ್ಟಾಗಬೇಕು: ಇಂಥ ಕಡೆ ಇರುವ ವಯಸ್ಸಾದ ಹೆಂಗಸರಲ್ಲಿ 100ಕ್ಕೆ 25ರಿಂದ 50 ಜನರ ಮೂತ್ರದಲ್ಲಿ ಯಾವ ತೊಂದರೆಯೂ ಇಲ್ಲದೆ ಬ್ಯಾಕ್ಟೀರಿಯಾ ಇರುತ್ತದೆ. ಬಹಳ ದಿನದಿಂದ ಕ್ಯಾತಿಟರ್ (ಮೂತ್ರ ಹೊರಬರಲು ಹಾಕಿದ ನಳಿಕೆ) ಇದ್ದವರಲ್ಲಂತೂ ಹೆಚ್ಚುಕಡಿಮೆ ಎಲ್ಲರಲ್ಲೂ. ಕಲ್ಚರ್ ಪಾಸಿಟಿವ್ ಬಂದ ಮಾತ್ರಕ್ಕೆ ಕಾಯಿಲೆ ಇದೆ ಎಂದಲ್ಲ.

ಒಂದೇ ಪುಟದ ಕಾರ್ಡ್ ಮಾಡಿ, ಫೋನಿನ ಪಕ್ಕ ಅಂಟಿಸಿ. ಮೂತ್ರ ಸೋಂಕೆಂದು ಆಂಟಿಬಯಾಟಿಕ್ ಶುರುಮಾಡಲು ಕನಿಷ್ಠ ಯಾವ ಲಕ್ಷಣ ಇರಬೇಕು ಎಂದು ಹೇಳುವ ಲೋಯೆಬ್ ಮಾನದಂಡದ ಪ್ರಕಾರ, ಕ್ಯಾತಿಟರ್ ಇಲ್ಲದವರಿಗೆ ಹೊಸದಾಗಿ ಉರಿಮೂತ್ರ ಶುರುವಾಗಿರಬೇಕು. ಇಲ್ಲವೇ 37.9 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು, ಅಥವಾ ಅವರ ಮಾಮೂಲಿಗಿಂತ 1.5 ಡಿಗ್ರಿ ಹೆಚ್ಚು ಜ್ವರ ಇದ್ದು, ಜೊತೆಗೆ ಇವುಗಳಲ್ಲಿ ಒಂದಾದರೂ ಇರಬೇಕು: ಹೊಸದಾಗಿ ಮೂತ್ರಕ್ಕೆ ಅವಸರ, ಪದೇ ಪದೇ ಮೂತ್ರ, ತಡೆಯಲಾಗದೆ ಸೋರುವುದು, ಕಿಬ್ಬೊಟ್ಟೆ ನೋವು, ಪಕ್ಕೆಯ ಹಿಂಭಾಗ ಮುಟ್ಟಿದರೆ ನೋವು, ಮೂತ್ರದಲ್ಲಿ ಕಣ್ಣಿಗೆ ಕಾಣುವ ರಕ್ತ. ಕ್ಯಾತಿಟರ್ ಇದ್ದವರಿಗೆ ಜ್ವರ, ನಡುಕ, ಪಕ್ಕೆನೋವು, ದಿಢೀರ್ ಗೊಂದಲ, ಇವುಗಳಲ್ಲಿ ಯಾವುದೊಂದಿದ್ದರೂ ಸಾಕು.

ಕಷ್ಟ ಬರುವುದು ಕ್ಯಾತಿಟರ್ ಇಲ್ಲದವರು ಬರೀ ಮಂಕಾದಾಗ. ಆಗ "ಕಾಯಿರಿ" ಎಂದಷ್ಟೇ ಹೇಳಿದರೆ ಯಾವ ನರ್ಸೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಮಾಡುವ ಕೆಲಸ ಹೇಳಿಕೊಡಿ: ಮಲಬದ್ಧತೆ, ಮೂತ್ರ ಕಟ್ಟಿರುವುದು, ನೋವು, ಹೊಸ ಮಾತ್ರೆ, ಸಕ್ಕರೆ ಪ್ರಮಾಣ ನೋಡಿ, ನೀರು ಕುಡಿಸಿ (ಹೃದಯ, ಕಿಡ್ನಿ ತೊಂದರೆಗೆ ನೀರಿನ ಮಿತಿ ಇದ್ದರೆ ಡಾಕ್ಟರನ್ನು ಕೇಳಿ), 24ರಿಂದ 48 ಗಂಟೆ ಜ್ವರ, ನಾಡಿ, ಬಿಪಿ ಬರೆದಿಡಿ. ಬಿಪಿ ಇಳಿದರೆ, ನಡುಕ ಬಂದರೆ, ಉಸಿರಾಟ ಜೋರಾದರೆ, ಎಬ್ಬಿಸಿದರೂ ಏಳದಿದ್ದರೆ ಆ ಕ್ಷಣವೇ ಡಾಕ್ಟರನ್ನು ಕರೆಯಬೇಕು.

ಸ್ಯಾಂಪಲ್ ಅನ್ನು ಕ್ಯಾತಿಟರ್ ಚೀಲದಿಂದ ತೆಗೆಯುವುದು ದೊಡ್ಡ ತಪ್ಪು. ಎರಡು ವಾರಕ್ಕಿಂತ ಹಳೆಯ ಕ್ಯಾತಿಟರ್ ಆದರೆ ಬದಲಾಯಿಸಿ, ಹೊಸದರಿಂದ ತೆಗೆಯಿರಿ.

ಒಂದು ಭೇಟಿಗೆ ಮುಗಿಸಬೇಡಿ. ಸಿಬ್ಬಂದಿ ಬದಲಾಗುತ್ತಲೇ ಇರುತ್ತಾರೆ, ಆದ್ದರಿಂದ ತಿಂಗಳ ನಂತರ ಹೊಸ ಲೆಕ್ಕ ಹಿಡಿದು ಮತ್ತೆ ಹೋಗಿ. ಲೆಕ್ಕದಲ್ಲಿ ಒಟ್ಟು ಆಂಟಿಬಯಾಟಿಕ್ ಬಳಕೆಯೂ ಇರಲಿ. 2005ರಲ್ಲಿ ಪ್ರಕಟವಾದ, ಒಂಟಾರಿಯೊ ಮತ್ತು ಐಡಾಹೊದ 24 ನರ್ಸಿಂಗ್ ಹೋಮ್‌ಗಳ ಅಧ್ಯಯನದಲ್ಲಿ ಮೂತ್ರ ಸೋಂಕೆಂದು ಆಂಟಿಬಯಾಟಿಕ್ ಕೊಟ್ಟದ್ದು, ತರಬೇತಿ ಕೊಟ್ಟ ಕಡೆ 1,000 ನಿವಾಸಿ-ದಿನಗಳಿಗೆ (ಒಬ್ಬ ನಿವಾಸಿ ಒಂದು ದಿನ ಇದ್ದರೆ ಒಂದು ನಿವಾಸಿ-ದಿನ) 1.17 ಬಾರಿ, ತರಬೇತಿ ಇಲ್ಲದ ಕಡೆ 1.59 ಬಾರಿ. ಒಟ್ಟು ಬಳಕೆ ಮಾತ್ರ ಸ್ಪಷ್ಟವಾಗಿ ಇಳಿಯಲಿಲ್ಲ.